ಹೊಗೆಯ ಋಣ

ಹಳೆಯದನ್ನು ಬಿಸಾಡದೆ ಇಟ್ಟುಕೊಳ್ಳುವುದು ಒಂದು ಗುಣವೆಂದು ಕಲಿತು ಬೆಳೆದವರು ನಾವು. ಹಿತ್ತಾಳೆಯ ಕೊಳದಪ್ಪಲೆಗೆ ಕಲಾಯಿ ಹಾಕಿಸಿ ಹಾಕಿಸಿ ಮೂರು ತಲೆಮಾರು ಅಡಿಗೆ ಮಾಡಿದ ಮನೆಗಳು, ಅಂಗಿಯ ಕಾಲರು ಸವೆದಾಗ ಅದನ್ನೇ ತಿರುವಿ ಹೊಲಿಸಿ ಇನ್ನೆರಡು ವರ್ಷ ತೊಟ್ಟ ಮೇಷ್ಟರುಗಳು, ಕಡ್ಡಿ ಗಟ್ಟಿಯಾಗಿದೆಯೆಂದು ಕೊಡೆಯ ಬಟ್ಟೆಯನ್ನು ಮಾತ್ರ ಬದಲಾಯಿಸಿದ ಶಾನುಭೋಗರು—ಇವರ ವಂಶದವರು ನಾವು. ಬಡತನದಿಂದ ಹುಟ್ಟಿದ ಈ ಅಭ್ಯಾಸಕ್ಕೆ ಕಾಲಕ್ರಮದಲ್ಲಿ ಧರ್ಮದ ಗೌರವ ಬಂತು. ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲ ಬಂದ ಮೇಲೂ, ಇನ್ನೂ ಕೆಲಸ ಮಾಡುತ್ತಿರುವ ವಸ್ತುವನ್ನು ಎಸೆಯುವಾಗ ನಮ್ಮ ಕೈ ಒಂದು ಕ್ಷಣ ತಡೆಯುತ್ತದೆ. ಒಳ್ಳೆಯದೇ. ಆದರೆ ಈ ಗುಣಕ್ಕೆ ಒಂದು ಕರಾರು ಇತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾದ ಪ್ರಸಂಗವೂ ಬರಲಿಲ್ಲ. ಹಳೆಯ ಕೊಡೆ ಸೋರಿದರೆ ನೆನೆಯುವವನು ಕೊಡೆಯ ಯಜಮಾನನೇ. ಹಳೆಯ ಅಂಗಿಯಿಂದ ಮಾನ ಹೋದರೆ ತೊಟ್ಟವನ ಮಾನವೇ ಹೋಗುತ್ತದೆ. ಮಿತವ್ಯಯದ ಲಾಭ, ಅದರ ತೊಂದರೆ, ಎರಡೂ ಒಂದೇ ಮನೆಯ ಲೆಕ್ಕಕ್ಕೆ ಬರುತ್ತಿದ್ದುವು. ಲಾಭ ನನ್ನ ಜೇಬಿಗೆ, ತೊಂದರೆ ದಾರಿಹೋಕರ ಎದೆಗೆ ಎಂದಾಗುವಂಥ ಪದಾರ್ಥ ಹಳೆಯದಾದರೆ ಏನು ಮಾಡಬೇಕೆಂಬುದನ್ನು ಹಿರಿಯರು ನಮಗೆ ಹೇಳಿಕೊಟ್ಟಿಲ್ಲ. ಅಂಥ ಪದಾರ್ಥ ಹಳೆಯ ಡೀಸೆಲ್ ಕಾರು.

ನಮ್ಮ ಮನೆಯ ಕಾರನ್ನು ಕೊಂಡದ್ದು 2010ರಲ್ಲಿ. ಆಗ ಬೆಂಗಳೂರಿನ ಯಾವ ಬೀದಿಗೆ ಹೋದರೂ ನಾಲ್ಕಾರು ನಿಂತಿರುತ್ತಿದ್ದಂಥ ಸಣ್ಣ ಕಾರು, ವಿಶೇಷವೇನೂ ಇಲ್ಲ. ಮಗಳ ಮದುವೆಯ ಓಡಾಟ, ತಾಯಿಯವರ ಆಸ್ಪತ್ರೆಯ ಓಡಾಟ, ವರ್ಷಕ್ಕೆರಡು ಸಲ ಊರಿನ ಓಡಾಟ ಎಲ್ಲವನ್ನೂ ಅದು ಕಂಡಿದೆ. ಹದಿನೈದು ವರ್ಷ ತುಂಬಿದ ಖಾಸಗಿ ವಾಹನದ ನೋಂದಣಿಯನ್ನು ನವೀಕರಿಸಿದರೆ ಇನ್ನೈದು ವರ್ಷ ಓಡಿಸಲು ಅಪ್ಪಣೆ ಸಿಗುತ್ತದೆ. ಕಾರಿಗೆ 600 ರೂಪಾಯಿ ಇದ್ದ ಈ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ ಆಯಿತು. ಅದರ ಮೇಲೆ ಹಸಿರು ತೆರಿಗೆ ಎಂಬುದೊಂದು. 2025ರಲ್ಲಿ ನಾನೂ ಕಟ್ಟಿದೆ, ಇನ್‌ಸ್ಪೆಕ್ಟರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದರು, 2030ರವರೆಗೆ ಅಪ್ಪಣೆಯಾಯಿತು. ಕಾನೂನಿನ ಮಟ್ಟಿಗೆ ವಿಷಯ ಮುಗಿಯಿತು. ಹಣ ಕಟ್ಟಿದ ಮೇಲೆ ಸಂಕೋಚ ಕಡಮೆಯಾಗಬೇಕಷ್ಟೆ, ನನಗೆ ಹೆಚ್ಚಾಯಿತು. ಹಸಿರು ತೆರಿಗೆ ಎಂಬ ಹೆಸರಿನಲ್ಲಿಯೇ ಒಂದು ಒಪ್ಪಿಗೆ ಅಡಗಿದೆ, ಈ ವಾಹನದಿಂದ ಯಾರಿಗೋ ಕೇಡಿದೆ ಎಂದು. ಕೇಡು ಒಬ್ಬರಿಗೆ, ಪರಿಹಾರ ಖಜಾನೆಗೆ. ಅಪ್ಪಣೆ ಕೇಳಬೇಕಾದದ್ದು ಸಾರಿಗೆ ಕಚೇರಿಯೊಂದನ್ನೇ ಏನು?

ಕೇಡು ಎಂಬ ಮಾತನ್ನು ಸುಮ್ಮನೆ ಆಡಬಾರದು. ಅದು ಎಲ್ಲಿ ಹುಟ್ಟುತ್ತದೆಂಬುದನ್ನು ನೋಡಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಎಣ್ಣೆ ಎರಡನ್ನೂ ಬೆರೆಸಿ ಕಿಡಿ ತಾಗಿಸುತ್ತಾರೆ. ಡೀಸೆಲ್ಲಿನಲ್ಲಿ ಕಿಡಿಯಿಲ್ಲ. ಬರಿಯ ಗಾಳಿಯನ್ನು ಅದರ ಗಾತ್ರದ ಹದಿನೇಳರಲ್ಲಿ, ಹದಿನೆಂಟರಲ್ಲಿ ಒಂದು ಪಾಲಿಗೆ ಅದುಮಿದರೆ ಅದು ಕಾಯುತ್ತದೆ. ಕಾದ ಗಾಳಿಯೊಳಕ್ಕೆ ಎಣ್ಣೆಯನ್ನು ಚಿಮುಕಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಈ ಉಪಾಯವನ್ನು ರುಡಾಲ್ಫ್ ಡೀಸೆಲ್ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ 1897ರಲ್ಲಿ ಸಾಧಿಸಿ ತೋರಿಸಿದ. ಅವನ ಆಸೆ ವಿಚಿತ್ರವಾದದ್ದು: ದೊಡ್ಡ ಉಗಿಯಂತ್ರಗಳನ್ನಿಟ್ಟ ಸಾಹುಕಾರರ ಎದುರಿಗೆ ಸಣ್ಣ ಕುಶಲಕರ್ಮಿಗಳು ತಲೆಯೆತ್ತಿ ನಿಲ್ಲಲು ತನ್ನ ಎಂಜಿನ್ನು ನೆರವಾಗಬೇಕೆಂದು. ಮನುಷ್ಯರು ಒಬ್ಬರಿಗೊಬ್ಬರು ಹೊಣೆಯಾಗಿ ಬಾಳಬೇಕೆಂಬ ವಿಷಯವಾಗಿ 1903ರಲ್ಲಿ ಒಂದು ಪುಸ್ತಕವನ್ನೇ ಬರೆದ. 1913ರಲ್ಲಿ ಇಂಗ್ಲೆಂಡಿಗೆ ಹೋಗುತ್ತಿದ್ದ ಹಡಗಿನಿಂದ ರಾತ್ರೋರಾತ್ರಿ ಕಾಣೆಯಾದ. ಅವನ ಎಂಜಿನ್ನು ಮಾತ್ರ ಹಡಗು, ಲಾರಿ, ಬಸ್ಸು, ನೀರೆತ್ತುವ ಪಂಪು ಎಲ್ಲವನ್ನೂ ಹೊಕ್ಕಿತು. ಅಷ್ಟೇ ಎಣ್ಣೆಗೆ ಹೆಚ್ಚು ದುಡಿಯುವ ಯಂತ್ರ ಯಾರಿಗೆ ಬೇಡ? ಅದರಲ್ಲಿರುವ ದೋಷವೂ ಅದರ ಗುಣದ ಜೊತೆಯಲ್ಲಿಯೇ ಹುಟ್ಟಿದ್ದು. ಕೊನೆಯ ಗಳಿಗೆಯಲ್ಲಿ ಚಿಮುಕಿಸಿದ ಎಣ್ಣೆಗೆ ಗಾಳಿಯೊಡನೆ ಚೆನ್ನಾಗಿ ಬೆರೆಯಲು ವ್ಯವಧಾನವಿಲ್ಲ. ಗಾಳಿ ಸಾಲದಿದ್ದ ಕಡೆ ಅದು ಅರೆಬೆಂದು ಮಸಿಯಾಗುತ್ತದೆ. ಬಿಸಿ ಹೆಚ್ಚಾದ ಕಡೆ ಗಾಳಿಯ ಸಾರಜನಕವೇ ಉರಿದು ವಿಷವಾಯುವಾಗುತ್ತದೆ. ಡೀಸೆಲ್ ಹೊಗೆಯಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಖಚಿತವಾಗಿ ಹೇಳಿತು. 1988ರಲ್ಲಿ ‘ಬರುವ ಸಂಭವವಿದೆ’ ಎಂದಷ್ಟೇ ಹೇಳಿತ್ತು. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್–6 ನಿಯಮದ ಕಾರುಗಳಲ್ಲಿ ಮಸಿಯನ್ನು ಹಿಡಿದಿಡುವ ಸೋಸುಗವಿದೆ. ನನ್ನ ಕಾರು ಬಿಎಸ್–4ರ ಕಾಲದ್ದು. ಅದಕ್ಕೆ ಸೋಸುಗ ಇಲ್ಲ.

ಇನ್ನೊಂದು ಸಣ್ಣ ಬಾಕಿಯೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಬಹುಕಾಲ ಡೀಸೆಲ್ಲಿನ ಬೆಲೆಯನ್ನು ಸರ್ಕಾರ ಕೆಳಗೆ ಹಿಡಿದಿತ್ತು. ಬಸ್ಸಿನ ಟಿಕೇಟು, ತರಕಾರಿಯ ಲಾರಿ, ರೈತನ ಟ್ರ್ಯಾಕ್ಟರು ಇವುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಏರ್ಪಾಡು ಅದು. 1980ರ ಸುಮಾರಿಗೆ ಅಂಬಾಸಡರಿಗೆ ಡೀಸೆಲ್ ಎಂಜಿನ್ನು ಬಂತು. 1998ರಲ್ಲಿ ಇಂಡಿಕಾ ಬಂತು. ಅಲ್ಲಿಂದ ಮುಂದೆ ನಮ್ಮಂಥವರೆಲ್ಲ ಆ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡು ಕುಳಿತೆವು. 2012ರ ಸುಮಾರಿಗೆ ಪೆಟ್ರೋಲಿಗೂ ಡೀಸೆಲ್ಲಿಗೂ ಲೀಟರಿಗೆ 25 ರೂಪಾಯಿಗೂ ಮೀರಿದ ಅಂತರವಿತ್ತು. ಡೀಸೆಲ್ ಕಾರುಗಳ ಮೇಲೆ 80,000 ರೂಪಾಯಿ ಹೆಚ್ಚಿನ ಸುಂಕ ಹಾಕಬೇಕೆಂದು ಕಿರೀಟ್ ಪಾರೀಖ್ ಸಮಿತಿ 2010ರಲ್ಲಿ ಸಲಹೆ ಮಾಡಿತು. ಅದು ಸಲಹೆಯಾಗಿಯೇ ಉಳಿಯಿತು. 2014ರ ಅಕ್ಟೋಬರಿನಲ್ಲಿ ಬೆಲೆಯ ಕಟ್ಟು ಸಡಿಲವಾಗುವವರೆಗೆ, ಅಂದರೆ ನಾಲ್ಕು ವರ್ಷ, ರೈತನಿಗೆಂದು ಬಡಿಸಿದ್ದರಲ್ಲಿ ಒಂದು ತುತ್ತು ನನ್ನ ಕಾರಿನ ತೊಟ್ಟಿಗೂ ಬಿತ್ತು. ಇದು ಕಳ್ಳತನವಲ್ಲ, ಬಂಕಿನಲ್ಲಿ ಯಾರೂ ‘ನೀವು ರೈತರೋ’ ಎಂದು ಕೇಳಲಿಲ್ಲ. ಆದರೆ ‘ನನ್ನ ದುಡ್ಡು, ನನ್ನ ಕಾರು’ ಎಂದು ಗಟ್ಟಿಯಾಗಿ ಹೇಳುವ ಮುನ್ನ ಒಂದು ಸಲ ಕೆಮ್ಮಿ ಗಂಟಲು ಸರಿಮಾಡಿಕೊಳ್ಳಬೇಕಾಗುತ್ತದೆ.

ಕಾರನ್ನು ಮಾಡಿದವರು ಚಾಲಕನನ್ನು ಮುಂದೆ ಕೂರಿಸಿದರು, ಹೊಗೆಯ ಕೊಳವೆಯನ್ನು ಹಿಂದೆ ಇಟ್ಟರು. ಬೇರೆ ಏನೂ ಮಾಡುವಂತಿರಲಿಲ್ಲ, ನಿಜ. ಆದರೆ ಇದರಿಂದ ಆದ ನೈತಿಕ ಪರಿಣಾಮ ದೊಡ್ಡದು. ಹದಿನೈದು ವರ್ಷ ಕಾರು ಓಡಿಸಿದವನೊಬ್ಬ ಅದರ ಹೊಗೆಯನ್ನು ಒಂದು ದಿನವೂ ಕುಡಿಯದೆ ಇರಬಹುದು. ಒಲೆ ಹೊತ್ತಿಸಿದವಳು ಹೊಗೆಗೆ ಕಣ್ಣೀರು ಸುರಿಸುತ್ತಿದ್ದಳು. ಬೀಡಿ ಸೇದುವವನೂ ಮೊದಲ ಪಾಲು ತಾನೇ ತೆಗೆದುಕೊಳ್ಳುತ್ತಾನೆ. ನಮ್ಮ ಪಾಲು ಮಾತ್ರ ಪೂರಾ ಹಿಂದಿನವರಿಗೆ. ಹಿಂದಿನವರು ಯಾರು? ಕಿಟಕಿ ಏರಿಸಿಕೊಂಡು ಕುಳಿತ ಕಾರಿನವರು ಹೇಗೋ ಪಾರಾಗುತ್ತಾರೆ. ಬಾಗಿಲಿಲ್ಲದ ಆಟೋದವನು, ಸ್ಕೂಟರಿನ ಮುಂದೆ ನಿಂತಿರುವ ನಾಲ್ಕು ವರ್ಷದ ಮಗು, ಸಿಗ್ನಲ್ಲಿನಲ್ಲಿ ಮಲ್ಲಿಗೆ ಮಾರುವ ಹೆಂಗಸು, ಹಗಲೆಲ್ಲ ವೃತ್ತದಲ್ಲಿ ನಿಲ್ಲುವ ಪೋಲೀಸು—ಮೂಗು ಬಯಲಿಗೆ ಬಿಟ್ಟವರೇ ಎಲ್ಲರೂ. ಆಯುಧಪೂಜೆಯ ದಿನ ನೋಡಿ: ಕಾರನ್ನು ತೊಳೆದು, ಬಾನೆಟ್ಟಿಗೆ ವಿಭೂತಿ ಕುಂಕುಮ ಇಟ್ಟು, ಸೇವಂತಿಗೆಯ ಹಾರ ಹಾಕಿ, ಬೂದುಗುಂಬಳ ಒಡೆದು, ಚಕ್ರಕ್ಕೆ ನಿಂಬೆಹಣ್ಣು ಕೊಡುತ್ತೇವೆ. ಹಿಂದಿನ ಕೊಳವೆಯತ್ತ ಬಗ್ಗಿ ನೋಡಿದವರನ್ನು ನಾನು ಕಾಣೆ. ಕಣ್ಣಿಗೆ ಬೀಳದ ಕಡೆಗೂ ಒಂದು ದೃಷ್ಟಿ ತೆಗೆಯುವುದಿದ್ದರೆ ಅದು ಅಲ್ಲಿ ಆಗಬೇಕು.

ಈ ಮಾತನ್ನು ನಮ್ಮ ಪಕ್ಕದ ಮನೆಯ ರಾಯರ ಹತ್ತಿರ ಎತ್ತಿದೆ. ಅವರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು; ಎಲ್ಲವನ್ನೂ ಶೇಕಡಾವಾರು ನೋಡುವ ಅಭ್ಯಾಸ. “ಅಲ್ಲ ಸ್ವಾಮಿ, ಈ ಊರಿನಲ್ಲಿ ಒಂದು ಕೋಟಿಗೂ ಮೇಲೆ ವಾಹನ ಇದೆ. ನಿಮ್ಮದೊಂದು ನಿಂತುಬಿಟ್ಟರೆ ಗಾಳಿ ತಿಳಿಯಾಗಿಬಿಡುತ್ತದೆಯೆ? ಕಸದ ಲಾರಿ ನೋಡಿದ್ದೀರಾ? ಕರೆಂಟು ಹೋದರೆ ಅಪಾರ್ಟ್‌ಮೆಂಟಿನ ಜನರೇಟರು ನೋಡಿದ್ದೀರಾ?” ಎಂದರು. ನೋಡಿದ್ದೇನೆ. ಲೆಕ್ಕದಲ್ಲಿ ರಾಯರು ಹೇಳಿದ್ದು ಸರಿ. ಆದರೆ ಈ ಲೆಕ್ಕ ನಮಗೆ ಹಳೆಯ ಪರಿಚಯದ್ದು. ರಾಜ ಕೊಳ ಕಟ್ಟಿಸಿ, ರಾತ್ರಿ ಮನೆಗೊಂದು ಕೊಡ ಹಾಲು ತಂದು ಹುಯ್ಯಿರೆಂದು ಡಂಗುರ ಹೊಡೆಸಿದ. ಅಷ್ಟು ಹಾಲಿನಲ್ಲಿ ತನ್ನದೊಂದು ಕೊಡ ನೀರು ಯಾರಿಗೆ ತಿಳಿದೀತೆಂದು ಪ್ರತಿಯೊಬ್ಬನೂ ಯೋಚಿಸಿದ. ಬೆಳಗಾದಾಗ ಕೊಳದ ತುಂಬ ನೀರಿತ್ತು. ಕಥೆಯ ಪ್ರಜೆಗಳಲ್ಲಿ ಒಬ್ಬೊಬ್ಬರ ಶೇಕಡಾವಾರು ಲೆಕ್ಕವೂ ರಾಯರ ಲೆಕ್ಕದಷ್ಟೇ ಸರಿಯಾಗಿತ್ತು. ಮೇಲಾಗಿ, ಸಿಗ್ನಲ್ಲಿನಲ್ಲಿ ನನ್ನ ಕಾರಿನ ಹಿಂದೆಯೇ ಸಿಕ್ಕಿಕೊಂಡ ಆ ಮಗುವಿಗೆ ಆ ಎರಡು ನಿಮಿಷದ ಮಟ್ಟಿಗೆ ನನ್ನ ಪಾಲು ಕೋಟಿಯಲ್ಲಿ ಒಂದಲ್ಲ. ಹೆಚ್ಚು ಕಡಮೆ ಪೂರ್ತಿ ನನ್ನದೇ.

ಹಾಗಾದರೆ ಹಳೆಯ ಕಾರೆಲ್ಲವನ್ನೂ ನಿಲ್ಲಿಸಿಬಿಡಬೇಕೆ? ದೆಹಲಿಯವರು ಇದನ್ನೇ ಮಾಡಹೊರಟರು. ಹತ್ತು ವರ್ಷ ಮೀರಿದ ಡೀಸೆಲ್ ವಾಹನ ಅಲ್ಲಿ ಓಡಕೂಡದೆಂದು 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆಜ್ಞೆ ಮಾಡಿತು. 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 2025ರ ಜುಲೈ 1ರಿಂದ ಅಂಥ ವಾಹನಗಳಿಗೆ ಬಂಕಿನಲ್ಲಿ ಎಣ್ಣೆಯನ್ನೇ ಹಾಕಬಾರದೆಂದಾಯಿತು. ಜನ ಗದ್ದಲವೆಬ್ಬಿಸಿದ್ದರಿಂದ ಕೆಲವೇ ದಿನಗಳಲ್ಲಿ ಅದು ನಿಂತಿತು. ವಯಸ್ಸನ್ನು ಮಾತ್ರ ಹಿಡಿದು ಮಾಲೀಕರ ಮೇಲೆ ಬಲವಂತದ ಕ್ರಮ ಕೈಗೊಳ್ಳಬೇಡಿರೆಂದು ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಡಿಸೆಂಬರಿನಲ್ಲಿ, ಆ ರಕ್ಷಣೆ ಬಿಎಸ್–4 ಮತ್ತು ಅದಕ್ಕಿಂತ ಮೇಲಿನವಕ್ಕೆ ಮಾತ್ರ ಎಂದು ತಿದ್ದಿತು. ಈ ಏರಿಳಿತವನ್ನು ಓದಿ ನಕ್ಕವರಿದ್ದಾರೆ. ನನಗೆ ನಗು ಬರಲಿಲ್ಲ. ನ್ಯಾಯಾಧೀಶರ ಮುಂದಿದ್ದ ತೊಡಕು ಹಳೆಯದು: ಒಬ್ಬನನ್ನು ಅವನು ಹುಟ್ಟಿದ ದಿನದಿಂದ ಅಳೆಯಬೇಕೋ, ನಡತೆಯಿಂದ ಅಳೆಯಬೇಕೋ? ಚೆನ್ನಾಗಿ ನೋಡಿಕೊಂಡ ಹನ್ನೆರಡು ವರ್ಷದ ಕಾರಿಗಿಂತ ಹೆಚ್ಚು ಮಸಿ ಕಾರುವ ಐದು ವರ್ಷದ ಕಾರು ಇರಬಹುದು. ನಡತೆಯಿಂದ ಅಳೆಯುವುದೇ ನ್ಯಾಯ. ಆದರೆ ನಡತೆಯನ್ನು ಅಳೆಯಲು ಪ್ರತಿಯೊಂದರ ಹಿಂದೆಯೂ ಒಬ್ಬ ಬಗ್ಗಬೇಕು, ಆ ಬಗ್ಗುವವನು ಪ್ರಾಮಾಣಿಕನಾಗಿರಬೇಕು. ಹುಟ್ಟಿದ ತಾರೀಖನ್ನಾದರೋ ಕುಳಿತಲ್ಲೇ ಓದಬಹುದು. ಸರ್ಕಾರಗಳು ವಯಸ್ಸಿನ ಕಡೆಗೆ ವಾಲುವುದು ಕ್ರೌರ್ಯದಿಂದಲ್ಲ, ಈ ಸೌಕರ್ಯದಿಂದ. ಮಾಲೀಕನಿಗೆ ಆ ಸೌಕರ್ಯ ಬೇಕಿಲ್ಲ. ಕಾರು ಅವನ ಬಾಗಿಲಲ್ಲೇ ನಿಂತಿದೆ, ಬಗ್ಗುವುದಕ್ಕೆ ಅವನ ಸೊಂಟವಿದೆ.

ಅಷ್ಟು ಕಷ್ಟವೇಕೆ, ಮಾರಿಬಿಡಿ ಎಂದರು ಹಲವರು. ಎಲ್ಲಕ್ಕಿಂತ ಸುಲಭವಾಗಿ ತೋರುವ ಈ ದಾರಿಯೇ ನನ್ನನ್ನು ಹೆಚ್ಚು ಕಾಡಿದ್ದು. ಮಾರಿದರೆ ಹೊಗೆ ನಿಲ್ಲುವುದಿಲ್ಲ. ನನ್ನ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ವರ್ಗವಾಗುತ್ತದೆ. ದೆಹಲಿಯಲ್ಲಿ ಓಡಬಾರದ ಕಾರು ನಿರಾಕ್ಷೇಪಣ ಪತ್ರ ಪಡೆದು ಬೇರೆ ರಾಜ್ಯದಲ್ಲಿ ಓಡಬಹುದು. ದೆಹಲಿಯ ಎದೆಗೆ ಆಗದ್ದು ಬೇರೆಯವರ ಎದೆಗೆ ಆಗುತ್ತದೆಯೆ? ದೇಶದೇಶಗಳ ನಡುವೆಯೂ ಇದೇ ವ್ಯಾಪಾರ. 2015ರಿಂದ 2018ರವರೆಗೆ ಯೂರೋಪು, ಜಪಾನು, ಅಮೆರಿಕಗಳಿಂದ ಸುಮಾರು 1 ಕೋಟಿ 40 ಲಕ್ಷ ಹಳೆಯ ಕಾರು ಮತ್ತು ಸಣ್ಣ ವಾಹನಗಳು ಹೊರದೇಶಗಳಿಗೆ ಹೋದುವೆಂದೂ ಅವುಗಳಲ್ಲಿ ನೂರಕ್ಕೆ ಎಂಬತ್ತರಷ್ಟು ಬಡ ಹಾಗೂ ಮಧ್ಯಮ ಆದಾಯದ ದೇಶಗಳಿಗೆ ಸೇರಿದುವೆಂದೂ ವಿಶ್ವಸಂಸ್ಥೆಯ ಪರಿಸರ ವಿಭಾಗ 2020ರಲ್ಲಿ ವರದಿ ಮಾಡಿತು. ಅರ್ಧಕ್ಕೂ ಹೆಚ್ಚು ಆಫ್ರಿಕಕ್ಕೆ. ಯೂರೋಪಿನ ಗಾಳಿ ತಿಳಿಯಾದದ್ದರಲ್ಲಿ ಒಂದು ಪಾಲು ಹೀಗೂ ಆಗಿರಬೇಕು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಎನ್ನುತ್ತಾರೆ ನಮ್ಮ ಕಡೆ. ಇಲ್ಲಿ ತಳ್ಳಿದವರಿಗೆ ಬಾವಿಯ ಬೆಲೆಯೂ ಸಿಕ್ಕಿತು.

ಗುಜರಿಗೆ ಹಾಕುವುದು ಇನ್ನೊಂದು ದಾರಿ. 2021ರ ಗುಜರಿ ನೀತಿಯಂತೆ ಹೊಸ ಕಾರಿನ ಬೆಲೆಯ ನೂರಕ್ಕೆ ನಾಲ್ಕರಿಂದ ಆರರಷ್ಟು ಹಣ ಬರಬಹುದು. ಹಣ ಹೋಗಲಿ, ಹಾಕಿದ ಮೇಲೆ ಇನ್ನೊಂದು ಬೇಕಲ್ಲ? ಹೊಸ ಕಾರೊಂದನ್ನು ಮಾಡುವಾಗ ಉಕ್ಕು ಕರಗಿಸಿ, ಗಾಜು ಕಾಯಿಸಿ ಬಿಡುವ ಇಂಗಾಲ ಹಲವು ಟನ್ನು. ಐದು ಟನ್ನು ಎಂದೇ ಹಿಡಿಯೋಣ. ನಾನು ವರ್ಷಕ್ಕೆ ಓಡಿಸುವುದು ಐದು ಸಾವಿರ ಕಿಲೋಮೀಟರು. ಲೀಟರಿಗೆ ಹದಿನೆಂಟರ ಹಾಗೆ 280 ಲೀಟರು ಡೀಸೆಲ್ಲು. ಲೀಟರಿಗೆ ಸುಮಾರು 2.7 ಕಿಲೋ ಇಂಗಾಲಾಮ್ಲ. ವರ್ಷಕ್ಕೆ ಮುಕ್ಕಾಲು ಟನ್ನು. ಹೊಸದೊಂದು ಕಾರು ಷೋರೂಮಿನ ಬಾಗಿಲು ದಾಟುವ ಮೊದಲೇ ನನ್ನ ಆರೇಳು ವರ್ಷದ ಓಡಾಟವನ್ನು ಮುಗಿಸಿರುತ್ತದೆ. ಭೂಮಿ ಕಾಯುತ್ತಿರುವುದು ಇಂಗಾಲದಿಂದ. ಎದೆ ಕೆಡುವುದು ಮಸಿಯಿಂದ. ಇಂಗಾಲದ ಲೆಕ್ಕ ‘ಇಟ್ಟುಕೋ’ ಎನ್ನುತ್ತದೆ, ಮಸಿಯ ಲೆಕ್ಕ ‘ಬಿಡು’ ಎನ್ನುತ್ತದೆ. ಮುಂದೆ ಹುಟ್ಟುವ ಮೊಮ್ಮಕ್ಕಳ ಹಿತ ಒಂದು ತಕ್ಕಡಿಯಲ್ಲಿ, ಈ ಹೊತ್ತು ಹಿಂದೆ ನಿಂತ ಸ್ಕೂಟರಿನ ಮಗು ಇನ್ನೊಂದರಲ್ಲಿ. ಎರಡನ್ನೂ ತೂಗುವ ಒಂದೇ ಬಟ್ಟು ನನ್ನ ಬಳಿ ಇಲ್ಲ. ಇದೆಯೆನ್ನುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನ. ಅವರು ಸಾಮಾನ್ಯವಾಗಿ ಏನನ್ನೋ ಮಾರುತ್ತಿರುತ್ತಾರೆ.

ಸದ್ಯಕ್ಕೆ ಕಾರು ಉಳಿಯಿತು. ಇಟ್ಟುಕೊಂಡರೆ ನೋಡಿಕೊಳ್ಳಬೇಕು; ನೋಡಿಕೊಳ್ಳುವುದೆಂದರೆ ಇಲ್ಲಿ ತೊಳೆದು ಮಿರುಗಿಸುವುದಲ್ಲ. ಡೀಸೆಲ್ ಕಾರಿನ ಹೊಗೆಗೆ ಬಣ್ಣಗಳಿವೆ, ಬಣ್ಣಕ್ಕೊಂದು ಅರ್ಥ. ಕಪ್ಪಾದರೆ ಗಾಳಿ ಸಾಲದು ಅಥವಾ ಎಣ್ಣೆ ಹೆಚ್ಚು: ಗಾಳಿಯ ಫಿಲ್ಟರು ಕಟ್ಟಿರಬಹುದು, ಟರ್ಬೋದಿಂದ ಬರುವ ರಬ್ಬರು ಕೊಳವೆ ಬಿರುಕು ಬಿಟ್ಟಿರಬಹುದು, ಇಂಜೆಕ್ಟರು ಸವೆದಿರಬಹುದು. ನೀಲಿಯಾದರೆ ಎಂಜಿನ್ ಆಯಿಲು ಉರಿಯುತ್ತಿದೆ. ಬಿಳಿಯ ಹೊಗೆ ಬಿಡದೆ ಬಂದರೆ ಎಣ್ಣೆ ಹೊತ್ತದೆ ಹೊರಬರುತ್ತಿದೆ, ಇಲ್ಲವೆ ರೇಡಿಯೇಟರಿನ ನೀರು ಒಳಗೆ ಇಳಿಯುತ್ತಿದೆ. ಡೀಸೆಲ್ ಫಿಲ್ಟರಿನ ತಳದಲ್ಲಿ ನೀರು ಕೂಡುತ್ತದೆ; ಅದನ್ನು ಆಗಾಗ ಬಸಿಯಬೇಕು. ಇಂಜೆಕ್ಟರಿನ ತೂತುಗಳು ಕೂದಲೆಳೆಗಿಂತ ಬಹಳ ದೊಡ್ಡವಲ್ಲ. ಅವುಗಳಲ್ಲಿ ಸಾವಿರ ವಾಯುಭಾರಕ್ಕೂ ಮಿಕ್ಕ ಒತ್ತಡದಿಂದ ಎಣ್ಣೆ ನುಗ್ಗುತ್ತದೆ. ಅವು ಸ್ವಲ್ಪ ಸವೆದರೆ ಎಣ್ಣೆ ಮಂಜಾಗುವ ಬದಲು ಹನಿಯಾಗುತ್ತದೆ; ಹನಿ ಮಸಿಯಾಗುತ್ತದೆ. ಚಾಲಕನಿಗೆ ಇದಾವುದೂ ತಟ್ಟನೆ ತಿಳಿಯದು. ಕಾರು ಓಡುತ್ತದೆ, ಏರು ಹತ್ತುತ್ತದೆ, ಮೈಲೇಜು ಒಂದು ಕಿಲೋಮೀಟರು ಕುಸಿದರೆ ಟ್ರಾಫಿಕ್ಕಿನ ಮೇಲೆ ಹಾಕಿ ಸುಮ್ಮನಾಗುತ್ತೇವೆ.

ಎರಡು ವರ್ಷದ ಹಿಂದೆ ಎಮಿಷನ್ ಟೆಸ್ಟಿಗೆ ಹೋದಾಗ ನಮ್ಮ ಕಾರಿನ ಅಂಕಿ 1.4 ಬಂತು. ಕೊಳವೆಗೆ ಸಲಾಕೆ ತೂರಿಸಿ, ಎಂಜಿನ್ನನ್ನು ಜೋರಾಗಿ ಎಬ್ಬಿಸಿ, ಹೊಗೆ ಎಷ್ಟು ಬೆಳಕನ್ನು ತಡೆಯುತ್ತದೆಂದು ನೋಡುವ ಪರೀಕ್ಷೆ ಅದು. ಬಿಎಸ್–4 ಕಾರಿಗೆ ಮಿತಿ 1.62. ಪಾಸಾಯಿತು, ಚೀಟಿ ಕೊಟ್ಟರು. ಆದರೆ ಹಿಂದಿನ ವರ್ಷದ ಚೀಟಿ ತೆಗೆದು ನೋಡಿದರೆ ಅದರಲ್ಲಿ ಇದರ ಅರ್ಧವಿತ್ತು. ಇಂಜೆಕ್ಟರುಗಳನ್ನು ಬಿಚ್ಚಿಸಿ ನಾಜಲುಗಳನ್ನು ಬದಲಾಯಿಸಲು ಇಪ್ಪತ್ತೆರಡು ಸಾವಿರವಾಗುತ್ತದೆಂದು ತಿಳಿಯಿತು. “ಪಾಸಾಗಿದೆಯಲ್ಲಾ, ಮತ್ತೇಕೆ ಖರ್ಚು?” ಎಂದರು ನಮ್ಮ ಮನೆಯವರು. ಲೋಕವಿಡೀ ಅವರ ಪಕ್ಷದಲ್ಲಿತ್ತು. ಕಾನೂನಿಗೆ 1.4ಕ್ಕೂ 0.7ಕ್ಕೂ ಭೇದವಿಲ್ಲ, ಎರಡೂ ಪಾಸು. ಪರೀಕ್ಷೆಯಲ್ಲಿ ಮೂವತ್ತೈದು ಬಂದವನೂ ಎಂಬತ್ತು ಬಂದವನೂ ಪಾಸಾದಂತೆ. ಆದರೆ ಹಿಂದೆ ನಿಂತವನು ಉಸಿರಾಡುವುದು ಚೀಟಿಯನ್ನಲ್ಲ, ಅಂಕಿಯನ್ನು. ಕಾನೂನು ಗೆರೆ ಎಳೆಯುವುದು ಯಾರನ್ನು ದಂಡಿಸಬೇಕೆಂದು ಗೊತ್ತುಮಾಡಲು. ಆ ಗೆರೆಯೊಳಗೆ ಬಂದವರಿಗೆ ಅದು ಸಜ್ಜನರೆಂಬ ಬಿರುದು ಕೊಡುವುದಿಲ್ಲ, ಕೊಡುವುದು ಅದರ ಕೆಲಸವೂ ಅಲ್ಲ. ಕೊನೆಗೆ ಖರ್ಚಾಯಿತು. ಆ ವರ್ಷದ ಕೇದಾರ ಯಾತ್ರೆ ಮುಂದಕ್ಕೆ ಹೋಯಿತು, ಮನೆಯಲ್ಲಿ ಎರಡು ದಿನ ಮಾತು ಕಡಮೆಯಿತ್ತು.

ನಿಜವಾದ ಇಕ್ಕಟ್ಟು ಬಂದದ್ದು ಅದೇ ಮೆಕ್ಯಾನಿಕ್ಕಿನ ಷೆಡ್ಡಿನಲ್ಲಿ. ಎಂಜಿನ್ನಿನಲ್ಲಿ ಇಜಿಆರ್ ಎಂಬ ಒಂದು ಕವಾಟವಿದೆ. ಹೊರಹೋಗುವ ಹೊಗೆಯಲ್ಲಿ ಒಂದಿಷ್ಟನ್ನು ಮರಳಿ ಎಂಜಿನ್ನಿಗೆ ಕಳಿಸಿ, ಒಳಗಿನ ಉರಿಯ ಬಿಸಿಯನ್ನು ತಗ್ಗಿಸುವುದು ಅದರ ಕೆಲಸ; ಬಿಸಿ ತಗ್ಗಿದರೆ ಸಾರಜನಕದ ವಿಷವಾಯು ಕಡಮೆ. ಪಾಪ, ತನ್ನ ಮಸಿಯನ್ನು ತಾನೇ ತಿಂದು ತಿಂದು ಈ ಕವಾಟ ಕಟ್ಟಿಕೊಳ್ಳುತ್ತದೆ. ಮೆಕ್ಯಾನಿಕ್ಕು ಒಳ್ಳೆಯ ಮನುಷ್ಯ, ಮೂವತ್ತು ವರ್ಷ ಕೈ ಕಪ್ಪು ಮಾಡಿಕೊಂಡವನು. “ಸಾರ್, ಇದನ್ನ ಕ್ಲೀನ್ ಮಾಡಿಸಿದ್ರೆ ಮತ್ತೆ ಕಟ್ಕೊಳತ್ತೆ. ಒಂದು ತಗಡು ಇಟ್ಟು ಬ್ಲಾಕ್ ಮಾಡ್ಬಿಡ್ತೀನಿ. ಪಿಕಪ್ಪು ಚೆನ್ನಾಗ್ ಬರತ್ತೆ, ಹೊಗೆನೂ ಕಮ್ಮಿ ಆಗತ್ತೆ. ಟೆಸ್ಟಲ್ಲಿ ಗೊತ್ತೇ ಆಗಲ್ಲ” ಎಂದ. ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಕಪ್ಪು ಹೊಗೆ ಕಡಮೆಯಾಗುತ್ತದೆ. ಹೆಚ್ಚಾಗುವುದು ಕಣ್ಣಿಗೆ ಕಾಣದ ವಾಯು. ಟೆಸ್ಟಿನ ಯಂತ್ರ ಅಳೆಯುವುದು ಬೆಳಕಿಗೆ ಅಡ್ಡ ಬರುವ ಮಸಿಯನ್ನು ಮಾತ್ರ. ಕಾಣದ ವಾಯು ಅದರ ಲೆಕ್ಕಕ್ಕಿಲ್ಲ. ಖರ್ಚು ಕಡಮೆ, ಕಾರು ಚುರುಕು, ಚೀಟಿ ಇನ್ನೂ ಚೆನ್ನ, ಹಿಂದೆ ನಿಂತವನೂ ಬೈಯುವುದಿಲ್ಲ. ಕೆಡುವುದು ಗಾಳಿ ಒಂದೇ.

ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದಲ್ಲಿ ಗೈಜೀಸನ ಉಂಗುರದ ಕಥೆ ಹೇಳುತ್ತಾನೆ: ತಿರುಗಿಸಿದರೆ ತೊಟ್ಟವನು ಅದೃಶ್ಯನಾಗುವ ಉಂಗುರ. ಯಾರೂ ನೋಡದಿದ್ದಾಗಲೂ ಮನುಷ್ಯ ನ್ಯಾಯವಾಗಿ ನಡೆಯುತ್ತಾನೆಯೆ ಎಂಬುದು ಅಲ್ಲಿನ ಪ್ರಶ್ನೆ. ಕಾಲೇಜಿನಲ್ಲಿ ಇದನ್ನು ಓದಿದಾಗ ಯಾರಿಗೂ ಸಿಗದ ಉಂಗುರದ ಬಗ್ಗೆ ಇಷ್ಟೇಕೆ ಚರ್ಚೆ ಎನ್ನಿಸಿತ್ತು. ಅಂಗೈಯಗಲದ ತಗಡಿನ ರೂಪದಲ್ಲಿ ಅದು ಗ್ಯಾರೇಜಿನಲ್ಲಿ ಸಿಗುತ್ತದೆ. ದೊಡ್ಡ ಪ್ರಮಾಣದಲ್ಲಿ ಇದನ್ನೇ ಮಾಡಿದ ಫೋಕ್ಸ್‌ವ್ಯಾಗನ್ ಕಂಪೆನಿಯ ಸಂಗತಿ 2015ರ ಸೆಪ್ಟೆಂಬರಿನಲ್ಲಿ ಬಯಲಾಯಿತು. ಪರೀಕ್ಷೆ ನಡೆಯುತ್ತಿದೆಯೆಂದು ಕಾರೇ ಕಂಡುಹಿಡಿದು ಆಗ ಮಾತ್ರ ಸಭ್ಯವಾಗಿ ನಡೆದುಕೊಳ್ಳುವಂತೆ ಅದರ ಗಣಕದಲ್ಲಿ ಏರ್ಪಾಟಿತ್ತು; ರಸ್ತೆಗಿಳಿದ ಮೇಲೆ ಈ ವಿಷವಾಯು ಮಿತಿಯ ನಲವತ್ತು ಪಟ್ಟಿನವರೆಗೂ ಹೋಗುತ್ತಿತ್ತೆಂದು ಅಮೆರಿಕದ ಪರಿಸರ ಇಲಾಖೆ ಹೇಳಿತು. ಲೋಕದಲ್ಲೆಲ್ಲ ಸೇರಿ ಅಂಥ ಕಾರುಗಳು 1 ಕೋಟಿ 10 ಲಕ್ಷ. ನಾವೆಲ್ಲ ಪತ್ರಿಕೆ ಓದಿ ಛೀ ಎಂದೆವು. ಹಾಗೆ ಛೀ ಎಂದವರಲ್ಲಿ ಎಷ್ಟು ಜನರ ಕಾರಿನಲ್ಲಿ ತಗಡು ಇದೆಯೋ! ನಾನು ತಗಡು ಬೇಡವೆಂದು ಕವಾಟವನ್ನು ಬಿಚ್ಚಿಸಿ ತೊಳೆಸಿದೆ. ಧರ್ಮಶ್ರದ್ಧೆಯಿಂದ ಎಂದು ಹೇಳಿಕೊಳ್ಳಲಾರೆ. ಛೀ ಎಂದಿದ್ದು ಇನ್ನೂ ನೆನಪಿತ್ತು, ಅದರ ದಾಕ್ಷಿಣ್ಯಕ್ಕೆ ಎಂದರೆ ಸತ್ಯಕ್ಕೆ ಹತ್ತಿರ. ಮೆಕ್ಯಾನಿಕ್ಕು ನನ್ನನ್ನು ಕನಿಕರದಿಂದ ನೋಡಿದ.

ಹೀಗೆ ಒಂದೊಂದೇ ಬದಲಾಯಿಸುತ್ತ ಬಂದರೆ ಕೊನೆಗೆ ಉಳಿಯುವುದೇನು? ಮಿಲಿಂದ ರಾಜ ರಥದಲ್ಲಿ ಬಂದೆನೆಂದಾಗ ನಾಗಸೇನ ಭಿಕ್ಷು ಕೇಳಿದನಂತೆ: ಚಕ್ರ ರಥವೆ? ಅಚ್ಚು ರಥವೆ? ನೊಗ ರಥವೆ? ನಮ್ಮ ಕಾರಿನಲ್ಲೂ ಕ್ಲಚ್ಚು, ಬ್ಯಾಟರಿ, ಷಾಕ್ ಅಬ್ಸಾರ್ಬರು, ಈಗ ಇಂಜೆಕ್ಟರಿನ ಮೂತಿ, ಎಲ್ಲ ಹೊಸವು. ಆದರೂ ಮನೆಯವರಿಗೆ ಅದು ಅದೇ ಕಾರು. ತಾಯಿಯವರನ್ನು ಆಸ್ಪತ್ರೆಯಿಂದ ಕೊನೆಯ ಸಲ ಕರೆತಂದ ಕಾರು. ಕಬ್ಬಿಣಕ್ಕೆ ಕೃತಜ್ಞತೆ ಸಲ್ಲುತ್ತದೆಯೆ ಎಂದು ನಗಬಹುದು. ದುಡಿದ ಎತ್ತು ಮುದಿಯಾದರೆ ಕೊಟ್ಟಿಗೆಯಲ್ಲೇ ಹುಲ್ಲು ಹಾಕಿ ಸಾಕಿದ ಜನ ನಾವು. ಆ ಭಾವ ಕಾರಿಗೂ ಹರಿದರೆ ಆಶ್ಚರ್ಯವಿಲ್ಲ. ಆದರೆ ಮುದಿ ಎತ್ತು ತಿನ್ನುತ್ತಿದ್ದುದು ನಮ್ಮ ಹುಲ್ಲನ್ನು. ಕಾರಿನ ಮೇಲಿನ ನನ್ನ ಮಮತೆಗೆ ಹುಲ್ಲು ಯಾರ ಮನೆಯಿಂದ ಬರುತ್ತಿದೆ ಎಂಬುದನ್ನು ನೋಡಿಕೊಳ್ಳಬೇಕು. ಊರೊಳಗಿನ ಓಡಾಟವನ್ನು ಈಗ ಬಸ್ಸು ಮೆಟ್ರೋಗಳಿಗೆ ಬಿಟ್ಟಿದ್ದೇವೆ. ಇದರಲ್ಲೂ ಒಂದು ವಕ್ರವಿದೆ: ಡೀಸೆಲ್ ಎಂಜಿನ್ನು ಚೆನ್ನಾಗಿ ಕಾಯದೆ ಸಣ್ಣ ಸಣ್ಣ ದೂರ ಓಡಿದರೆ, ಇಲ್ಲವೆ ವಾರಗಟ್ಟಲೆ ನಿಂತರೆ, ಮತ್ತಷ್ಟು ಕೆಡುತ್ತದೆ. ಅದು ಶುದ್ಧವಾಗಿರಬೇಕಾದರೆ ಆಗಾಗ ಹೆದ್ದಾರಿಯಲ್ಲಿ ದೂರ ಓಡಬೇಕು. ಅದಕ್ಕೆಂದೇ ತಿಂಗಳಿಗೊಮ್ಮೆ ಕೆಲಸವಿಲ್ಲದಿದ್ದರೂ ಕುಣಿಗಲ್ಲಿನ ಕಡೆಗೆ ಹೋಗಿ ಕಾಫಿ ಕುಡಿದು ಬರುತ್ತೇವೆ. ರಾಯರೂ ಬರುತ್ತಾರೆ. ಇದನ್ನು ಯಾವ ಲೆಕ್ಕಕ್ಕೆ ಬರೆಯಬೇಕೋ ಅವರಿಗೂ ತಿಳಿಯದು.

ಹೋದ ತಿಂಗಳು ತಿಪಟೂರಿನಿಂದ ತಂಗಿಯ ಮಗ ಬಂದಿದ್ದ. “ಮಾವ, ನೀವು ಹೇಗಿದ್ದರೂ ಜಾಸ್ತಿ ಓಡಿಸಲ್ಲ. ಕೊಡೋದಾದರೆ ನನಗೇ ಕೊಡಿ, ಬೇರೆಯವರಿಗೆ ಕೊಡಬೇಡಿ” ಎಂದ. ಹುಡುಗ ದಿನಾ ನಲವತ್ತು ಕಿಲೋಮೀಟರು ಓಡಾಡುತ್ತಾನೆ. ಅವನಿಗೆ ಬೇಕು ನಿಜ, ಹೊಸದನ್ನು ಕೊಳ್ಳುವ ಶಕ್ತಿ ಸದ್ಯಕ್ಕಿಲ್ಲ. ಈಗಿನ ಮೋಟಾರುಬೈಕಿನಲ್ಲಿ ಹೆಂಡತಿ ಮಗುವನ್ನು ಕೂರಿಸಿಕೊಂಡು ಲಾರಿಗಳ ಹಿಂದೆ ಹೋಗುವವನು ಅವನೇ. ಅವನಿಗೆ ಕೊಟ್ಟರೆ ಮೂರು ಎದೆಗಳು ಹೊಗೆಯಿಂದ ಒಳಕ್ಕೆ ಸೇರುತ್ತವೆ, ವರ್ಷಕ್ಕೆ ಹನ್ನೆರಡು ಸಾವಿರ ಕಿಲೋಮೀಟರಿನ ಹೊಗೆ ಹೊರಕ್ಕೆ ಬೀಳುತ್ತದೆ. ಎಷ್ಟು ಹೊತ್ತಿಗೆ ಏನು ಮಾಡಿಸಿದೆ ಎಂದು ಬರೆದಿಟ್ಟ ಪುಸ್ತಕವನ್ನು ಅವನ ಮುಂದೆ ಇಟ್ಟೆ. ತಗಡು ಹಾಕಿಸಬಾರದು, ವರ್ಷಕ್ಕೊಮ್ಮೆ ಟೆಸ್ಟಿನ ಅಂಕಿ ನನಗೆ ತಿಳಿಸಬೇಕು, ಒಂದನ್ನು ದಾಟಿದರೆ ಇಂಜೆಕ್ಟರು ಬಿಚ್ಚಿಸಬೇಕು, ಅರ್ಧ ಖರ್ಚು ನನ್ನದು ಎಂದೆ. ಅವನು ಪುಟ ತಿರುವಿ ನೋಡಿ, “ಮಾವ, ಇದು ಕಾರು ಕೊಡೋದೋ, ಹೆಣ್ಣು ಕೊಡೋದೋ?” ಎಂದು ನಕ್ಕ. ಅವರ ಊರಿನಲ್ಲಿ ನಾಜಲು ಪರೀಕ್ಷೆ ಮಾಡುವವರು ಎಲ್ಲಿದ್ದಾರೆಂದು ವಿಚಾರಿಸಿಕೊಂಡು ಬರುತ್ತೇನೆಂದು ಹೇಳಿ ಹೋಗಿದ್ದಾನೆ. ನಾನೂ ಇನ್ನೂ ಹೂಂ ಎಂದಿಲ್ಲ. ಹಬ್ಬಕ್ಕೆ ಮತ್ತೆ ಬರುತ್ತಾನಂತೆ. ಅಷ್ಟರೊಳಗೆ ಡೀಸೆಲ್ ಫಿಲ್ಟರು ಬದಲಾಯಿಸುವುದಿದೆ.